ಹಂಡೆಯ ಹಿಂದಿನ ಚನ್ನರಾಯಪಟ್ಟಣ

ಮಕ್ಕಳಿಗೆ ಚಿತ್ರ ಕಲಿಸುವುದು ಹೇಗೆ ಎಂಬ ವಿಷಯದಲ್ಲಿ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನನಗಿದ್ದಷ್ಟು ಖಚಿತವಾದ ಅಭಿಪ್ರಾಯ ಆಮೇಲೆ ಯಾವ ವಿಷಯದಲ್ಲೂ ಬರಲಿಲ್ಲ. ಹೈಸ್ಕೂಲು ಮುಗಿಸಿ, ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿ, ಹೇಗೋ ಪಾಸಾಗಿ, ಯುದ್ಧದ ಕಾಲದಲ್ಲಿ ಹೊಳೆನರಸೀಪುರದ ಮಿಡ್ಲ್ ಸ್ಕೂಲೊಂದಕ್ಕೆ ಡ್ರಾಯಿಂಗ್ ಮೇಷ್ಟ್ರಾಗಿ ಬಂದೆ. ಕೆಲಸ ಹಂಗಾಮಿ. ಇನ್‌ಸ್ಪೆಕ್ಟರು ಬಂದು ನೋಡಿ ತಲೆಯಾಡಿಸಿದರೆ ಖಾಯಂ. ಖಾಯಂ ಆಗಿಯೇ ಆಗುತ್ತದೆ ಎಂದು ನಂಬಿ ಚನ್ನರಾಯಪಟ್ಟಣದ ನನ್ನ ಮಾವನವರು ಮಗಳನ್ನು ಕೊಟ್ಟಿದ್ದರು. ಹೀಗಾಗಿ ನನ್ನ ಸಂಸಾರವೆಲ್ಲ ಒಬ್ಬ ಇನ್‌ಸ್ಪೆಕ್ಟರ ತಲೆಯ ಮೇಲೆ ನಿಂತಿತ್ತು.

ಮೊದಲ ದಿನವೇ ನನ್ನ ಶಿಕ್ಷಣ ಸಿದ್ಧಾಂತವನ್ನು ಬೋರ್ಡಿನ ಮೇಲೆ ಬರೆದೆ. ಒಂದು, ಎಳೆದ ಗೆರೆಯನ್ನು ಅಳಿಸತಕ್ಕದ್ದಲ್ಲ. ಎಳೆದವನು ಅದರ ಹೊಣೆ ಹೊರತಕ್ಕದ್ದು. ಎರಡು, ಯಾವ ಚಿತ್ರವನ್ನೇ ಆಗಲಿ ಮನಸ್ಸಿಗೆ ಪ್ರಿಯವಾದ ಜಾಗದಿಂದ ಆರಂಭಿಸತಕ್ಕದ್ದು. ಅಳತೆ ತಾನಾಗಿ ಒದಗುತ್ತದೆ. ಮೂರನೆಯ ಸೂತ್ರವೂ ಒಂದಿತ್ತು. ಅದನ್ನು ಬರೆಯಲು ಬೋರ್ಡಿನಲ್ಲಿ ಜಾಗ ಉಳಿಯಲಿಲ್ಲ. ಅಲ್ಲೇ ನನಗೆ ಎಚ್ಚರವಾಗಬೇಕಿತ್ತು.

ಆಗಲಿಲ್ಲ. ಬದಲಿಗೆ ಎಲ್ಲ ಹುಡುಗರ ರಬ್ಬರುಗಳನ್ನೂ ಕಿತ್ತುಕೊಂಡು ಒಂದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಮುಚ್ಚಿದೆ. ಆಗ ರಬ್ಬರು ಸಿಗುವುದೇ ಕಷ್ಟ. ಒಂದು ರಬ್ಬರನ್ನು ಬ್ಲೇಡಿನಲ್ಲಿ ಕೊಯ್ದು ಅಣ್ಣತಮ್ಮಂದಿರು ಆಸ್ತಿಯ ಹಾಗೆ ಪಾಲು ಮಾಡಿಕೊಳ್ಳುತ್ತಿದ್ದರು. ನಮ್ಮ ಪಕ್ಕದ ಮನೆಯ ಕೆಂಪ ತನ್ನ ರಬ್ಬರಿಗೆ ತೂತು ಕೊರೆದು, ದಾರ ಪೋಣಿಸಿ, ತಾಯಿತದಂತೆ ಕೊರಳಿಗೆ ಕಟ್ಟಿಕೊಂಡಿದ್ದ. ಅದನ್ನೂ ಬಿಚ್ಚಿಸಿದೆ. ಅವನ ಕಣ್ಣಲ್ಲಿ ನೀರು ಬಂತು. ಕಲೆ ಹುಟ್ಟುವಾಗ ಇಷ್ಟೆಲ್ಲ ಇರುವುದೇ ಎಂದುಕೊಂಡೆ.

ಸಂಜೆ ಹೆಂಡತಿ ಪಾರ್ವತಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಅಕ್ಕಿ ಆರಿಸುತ್ತಲೇ ಕೇಳಿದಳು.

"ಹಂಗಾರೆ ನಿಮ್ ಗೆರೆ ತಪ್ಪೋದೇ ಇಲ್ವಾ?"

"ಇಲ್ಲ" ಎಂದೆ.

ಇನ್‌ಸ್ಪೆಕ್ಟರು ಬರುವ ಸುದ್ದಿ ಬಂದಾಗ ಹೆಡ್‌ಮಾಸ್ಟರು ನನ್ನನ್ನು ಕರೆದು, ದೊಡ್ಡ ಕೊಠಡಿಯ ಗೋಡೆಯ ಮೇಲೆ ನಮ್ಮ ಊರು, ಸುತ್ತಲಿನ ತಾಲ್ಲೂಕುಗಳು ಎಲ್ಲ ಕಾಣುವ ಒಂದು ನಕ್ಷೆ ಬರೆಯಲು ಹೇಳಿದರು. ಸೀಮೆಸುಣ್ಣದಲ್ಲಿ ಒಮ್ಮೆ ಗುರುತು ಹಾಕಿಕೊಳ್ಳಿ ಎಂದೂ ಹೇಳಿದರು. ಸೀಮೆಸುಣ್ಣ ಅಳಿಸುವಂಥ ವಸ್ತು. ಸಿದ್ಧಾಂತಕ್ಕೆ ವಿರುದ್ಧ! ಯಾರೋ ಬಸ್ಸಿಗೆ ಬಳಿದು ಮಿಕ್ಕಿದ್ದ ಎಣ್ಣೆಬಣ್ಣಗಳನ್ನು ಬೇಡಿ ತಂದೆ. ಗೋಡೆಯ ನಟ್ಟನಡುವೆ, ಪ್ರಿಯವಾದ ಜಾಗದಿಂದಲೇ ಶುರುಮಾಡಿದೆ.

ಹೊಳೆನರಸೀಪುರ ಬಹಳ ಚೆನ್ನಾಗಿ ಬಂತು. ಹೊಳೆ, ಸೇತುವೆ, ಪೇಟೆಬೀದಿ, ತೆಂಗಿನಕಾಯಿ ಮಂಡಿ, ನಮ್ಮ ಸ್ಕೂಲು, ಸ್ಕೂಲಿನ ಮುಂದಿನ ಹುಣಸೆಮರ. ಮರದ ಕೆಳಗೆ ಒಂದು ಕರುವನ್ನೂ ಕಟ್ಟಿದೆ. ಬಣ್ಣದ ಡಬ್ಬ ಕೆಳಗಿಟ್ಟು ಹಿಂದೆ ಸರಿದು ನೋಡಿದರೆ ಗೋಡೆಯೇ ಮುಗಿದಿತ್ತು.

ಮೂರು ಊರು ಬಾಕಿ.

ನಾನು ಧೈರ್ಯಗೆಡಲಿಲ್ಲ. ಹಾಸನ ಉತ್ತರಕ್ಕಿರುವ ಊರು, ಆದ್ದರಿಂದ ಮೇಲೆ. ಏಣಿ ಹತ್ತಿ, ಪಾರಿವಾಳ ಗೂಡು ಕಟ್ಟಿದ್ದ ತೊಲೆಯ ಪಕ್ಕದಲ್ಲಿ ಹಾಸನವನ್ನು ಸಿಕ್ಕಿಸಿದೆ. ಅರಕಲಗೂಡು ಪಶ್ಚಿಮಕ್ಕೆ. ಅಲ್ಲಿ ಕಿಟಕಿ ಇತ್ತು. ಕಿಟಕಿಯ ಬಾಗಿಲನ್ನು ಮುಚ್ಚಿ ಅದರ ಮೇಲೆ ಬರೆದೆ. ಚನ್ನರಾಯಪಟ್ಟಣ ಬಲಕ್ಕೆ, ಸ್ವಲ್ಪ ಮೇಲೆ. ಗೋಡೆ ಅಲ್ಲಿ ಮೂಲೆ ತಿರುಗುತ್ತಿತ್ತು. ಊರೂ ತಿರುಗಿತು. ಪಕ್ಕದ ಗೋಡೆಯಲ್ಲಿ, ಎತ್ತರದ ಕಟ್ಟೆಯ ಮೇಲೆ ಹುಡುಗರು ನೀರು ಕುಡಿಯುವ ತಾಮ್ರದ ಹಂಡೆ ಇತ್ತು. ಅದರ ಹಿಂದೆ ಹೋಗಿ ನಿಂತಿತು.

ತನ್ನ ಊರು ಎಲ್ಲಿ ಬಂತೆಂದು ಪಾರ್ವತಿ ಕೇಳಿದಾಗ, ನಿಮ್ಮ ಊರಿಗೆ ಬೇರೆ ಗೋಡೆಯನ್ನೇ ಕೊಟ್ಟಿದ್ದೇನೆ ಎಂದೆ. ಅವಳು ಹಿಗ್ಗಿ ತವರಿಗೆ ಹೇಳಿಕಳಿಸಿದಳು. ನಾನು ಹೇಳಿದ್ದು ಸುಳ್ಳಲ್ಲ. ಅದೇ ಅದರ ದೊಡ್ಡ ಪಾಪ.

ಶನಿವಾರ ಹೆಡ್‌ಮಾಸ್ಟರು ನಕ್ಷೆ ನೋಡಲು ಬಂದರು. ಅವರ ಸ್ವಂತ ಊರು ಅರಕಲಗೂಡು. ಬಹಳ ಹೊತ್ತು ಹುಡುಕಿದರು. ನಾನು ಹೋಗಿ ತೆರೆದಿದ್ದ ಕಿಟಕಿಯನ್ನು ಮುಚ್ಚಿದೆ. ಅರಕಲಗೂಡು ಬಂತು, ಬೆಳಕು ಹೋಯಿತು.

"ಗಾಳಿ ಬೇಕು ಅಂದ್ರೆ ನಮ್ಮೂರಿರಲ್ಲ, ನಮ್ಮೂರು ಬೇಕು ಅಂದ್ರೆ ಗಾಳಿ ಇರಲ್ಲ" ಎಂದರು. "ಇದ್ಯಾವ ಸೀಮೆ ನಕ್ಷೆ ಕಣ್ರೀ ಮೇಷ್ಟ್ರೇ? ಸೋಮವಾರದೊಳಗೆ ನಮ್ಮೂರು ಗೋಡೆ ಮ್ಯಾಲೆ ಬರ್ಬೇಕು. ಇಲ್ದಿದ್ರೆ ಖಾಯಂ ಮಾತು ಮರ್ತುಬಿಡಿ."

ಅರಕಲಗೂಡು ಗೋಡೆಗೆ ಬರಬೇಕಾದರೆ ಹೊಳೆನರಸೀಪುರ ಒಂದಷ್ಟು ಹಿಂದೆ ಸರಿಯಬೇಕು. ಎಂದರೆ, ಅಳಿಸಬೇಕು.

ಭಾನುವಾರ ಬೆಳಿಗ್ಗೆ ಒಬ್ಬನೇ ಸ್ಕೂಲಿಗೆ ಹೋದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಗೋಡೆ ಹೊಳೆಯಿತು, ಬಣ್ಣ ಕದಲಲಿಲ್ಲ. ಸೀಮೆಎಣ್ಣೆ ಸುರಿದೆ. ಹೊಳೆಯ ನೀಲಿ ಕರಗಿ ದಡ ಮೀರಿ ಪೇಟೆಬೀದಿಗೆ ನುಗ್ಗಿತು. ನಾನು ಗಾಬರಿಯಿಂದ ಸುತ್ತ ನೋಡಿದಾಗ ಕಣ್ಣಿಗೆ ಬಿದ್ದದ್ದು ಬಿಸ್ಕತ್ತಿನ ಡಬ್ಬ.

ಇದನ್ನು ಬರೆಯಲು ಈಗಲೂ ಕೈ ನಾಚುತ್ತದೆ. ಒಂದೊಂದೇ ರಬ್ಬರು ತೆಗೆದು ಉಜ್ಜಿದೆ. ಒಂದು ಸವೆದರೆ ಇನ್ನೊಂದು. ಪ್ರವಾಹ ಇಳಿಯಲಿಲ್ಲ, ನೀಲಿಗೆ ಕೆಂಪು ಸೇರಿ ಊರೆಲ್ಲ ಪೆಟ್ಟು ತಿಂದ ಮೈಯಂತೆ ಕಂದಿತು. ಸ್ಟೂಲಿನ ಮೇಲೆ ನಿಂತು, ಬೆವರು ಸುರಿಸುತ್ತ, ಅರ್ಧ ಕರುವನ್ನು ಉಜ್ಜಿ ಮುಗಿಸುವಾಗ ಬಾಗಿಲಿನಿಂದ ಒಂದು ಸಣ್ಣ ದನಿ ಬಂತು.

"ಸಾ, ಅದು ನನ್ ರಬ್ರು ಕಣ್ ಸಾ."

ತಿರುಗಿ ನೋಡಿದೆ. ಗೋಲಿಯಾಡಲು ಬಂದಿದ್ದ ಕೆಂಪ, ಅವನ ಹಿಂದೆ ಅರ್ಧ ಕ್ಲಾಸು. ನನ್ನ ಬೆರಳಿನಿಂದ ಒಂದು ದಾರ ನೇತಾಡುತ್ತಿತ್ತು. ಅದರ ತುದಿಯಲ್ಲಿ ಕಡಲೆಕಾಳಿನಷ್ಟು ರಬ್ಬರು.

ಸೋಮವಾರ ಇನ್‌ಸ್ಪೆಕ್ಟರು ಬಂದರು. ಹಾಸನದವರು. ಒಳಗೆ ಕಾಲಿಟ್ಟೊಡನೆ ಸೀಮೆಎಣ್ಣೆಯ ವಾಸನೆಗೆ ಮೂಗು ಮುಚ್ಚಿಕೊಂಡು ಕಿಟಕಿ ತೆಗೆಸಿದರು. ಅರಕಲಗೂಡು ಹೋಯಿತು. ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು. ಗೋಡೆಯ ನಡುವೆ ಇದೇನು ಎಂದು ಇನ್‌ಸ್ಪೆಕ್ಟರು ಕೇಳಿದರು. ಹೊಳೆ ತುಂಬಿ ಬಂದಿರುವ ದೃಶ್ಯ ಎಂದು ಗಟ್ಟಿಯಾಗಿಯೇ ಹೇಳಿದೆ. ಹಾಸನ ಎಲ್ಲಿ ಎಂದರು. ಮೇಲಕ್ಕೆ ಕೈ ತೋರಿಸಿದೆ. ಅವರು ಕತ್ತೆತ್ತಿದರು. ಪಾರಿವಾಳವೂ ಅವರನ್ನು ನೋಡಿತು. ಅವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಇನ್ನೇನು ಎಲ್ಲ ಮುಗಿಯಿತು ಎನ್ನುವಾಗ, ಮುಂದಿನ ಸಾಲಿನ ಕೆಂಪನನ್ನು ಎಬ್ಬಿಸಿ ಡ್ರಾಯಿಂಗ್ ಕ್ಲಾಸಿನಲ್ಲಿ ಏನು ಕಲಿತೆ ಎಂದು ಕೇಳಿದರು.

"ಎಳ್ದ ಗೆರೆ ಅಳಿಸ್ಬಾರ್ದು ಸಾ."

ನನ್ನ ಜೀವ ಸ್ವಲ್ಪ ಮರಳಿತು. ಇನ್‌ಸ್ಪೆಕ್ಟರೂ ಮೆಚ್ಚಿ ತಲೆಯಾಡಿಸಿದರು.

"ಭೇಷ್. ತಪ್ಪಾದ್ರೆ?"

"ಬ್ಯಾರೇರ್ ರಬ್ರಲ್ಲಿ ಅಳಿಸ್ಬೇಕು ಸಾ."

ಖಾಯಂ ಒಂದು ವರ್ಷ ಮುಂದಕ್ಕೆ ಹೋಯಿತು. ಗೋಡೆಗೆ ನಾನೇ ಸುಣ್ಣ ಬಳಿಯಬೇಕೆಂದು ಹೆಡ್‌ಮಾಸ್ಟರು ಆಜ್ಞೆ ಮಾಡಿದರು, ಬಳಿದೆ. ಹುಡುಗರ ರಬ್ಬರಿಗೆ ಬದಲಾಗಿ ನನ್ನ ಸೈಕಲ್ಲಿನ ಟ್ಯೂಬನ್ನು ಕತ್ತರಿಸಿ ಒಬ್ಬೊಬ್ಬನಿಗೂ ಒಂದು ತುಂಡು ಕೊಟ್ಟೆ. ಅದರಲ್ಲಿ ಉಜ್ಜಿದ ಕಾಗದವೆಲ್ಲ ಇದ್ದಿಲಿನಂತೆ ಕಪ್ಪಾಯಿತು. ನಾನು ನಡೆದುಕೊಂಡೇ ಸ್ಕೂಲಿಗೆ ಹೋಗತೊಡಗಿದೆ. ಪಾರ್ವತಿಗೆ ಮಾತ್ರ, ಇಂಥ ನಕ್ಷೆ ಇನ್‌ಸ್ಪೆಕ್ಟರು ಕಂಡೇ ಇರಲಿಲ್ಲವಂತೆ ಎಂದಷ್ಟೇ ಹೇಳಿದೆ.

ಮಳೆಗಾಲ ಬಂತು. ಗೋಡೆ ತೇವ ಹೀರಿತು. ಸುಣ್ಣ ಹಕ್ಕಳಿಕೆಯಾಗಿ ಉದುರಿ, ಎಣ್ಣೆಬಣ್ಣದ ಊರುಗಳು ಒಂದೊಂದಾಗಿ ಹೊರಗೆ ಬಂದವು. ಎಲ್ಲಕ್ಕಿಂತ ಮೊದಲು ಬಂದದ್ದು, ಹಂಡೆಯ ತಂಪಿಗೆ ಸುಣ್ಣ ನಿಲ್ಲದ ಜಾಗದಿಂದ, ಚನ್ನರಾಯಪಟ್ಟಣ. ಕೆಂಪ ಅದನ್ನು ಅವ್ವನಿಗೆ ಹೇಳಿದ. ಅವಳು ಬೇಲಿಯ ಆಚೆಯಿಂದ ಪಾರ್ವತಿಗೆ ಹೇಳಿದಳು.

ಆ ದಿನ ಮಧ್ಯಾಹ್ನ ಊಟಕ್ಕೆ ಬಂದರೆ ನಡುಮನೆಯಲ್ಲಿ ನನ್ನ ಎಲೆ ಇರಲಿಲ್ಲ. ಎಲ್ಲಿ ಎಂದು ಕೇಳಿದೆ. ಪಾರ್ವತಿ ಬಚ್ಚಲ ಕಡೆಗೆ ಕೈ ತೋರಿಸಿದಳು.

"ಹಂಡೆ ಹಿಂದ್ಗಡೆ ಹಾಕಿವ್ನಿ. ಬ್ಯಾರೆ ಗೋಡೇನೇ ಕೊಟ್ಟಿವ್ನಿ ನಿಮ್ಗೆ."

ಹಂಡೆಯ ಹಿಂದೆ ಮಸಿಗೋಡೆಗೆ ಬೆನ್ನು ಆನಿಸಿ, ಮೊಣಕಾಲು ಮಡಚಿ ಕೂತು ಉಂಡೆ. ಗೆರೆ ಎಳೆದವನು ನಾನೇ ತಾನೆ!