ಬೀದಿಗೆ ಹಾಕಿದ ಬೀಗ

"ಹಾಕಿ ತಿಂಗಳಾಗದ ಟಾರನ್ನ ಅಗೆಯೋಕೆ ಹೇಳಿದ ಮುಠ್ಠಾಳ ಯಾರು?"

ಅಮೆರಿಕದ ಏಪೆಕ್ಸ್ ಊರಿನ ತನ್ನ ಮನೆಯ ಮೆಟ್ಟಿಲ ಮೇಲೆ ಮಡಿಪಂಚೆಯಲ್ಲಿ ನಿಂತ ಗೋಪಿನಾಥ ಗಾಳಿಯನ್ನು ಕೇಳಿದ. ಅಗೆಯುವ ಯಂತ್ರ ಅವನ ಡ್ರೈವ್‌ವೇ ಮುಂದಿನ ಹೊಸ ರಸ್ತೆಯನ್ನು ಹಪ್ಪಳದಂತೆ ಮುರಿಯುತ್ತಿತ್ತು.

ಹುಣ್ಣಿಮೆ. ಹನ್ನೊಂದಕ್ಕೆ ಸತ್ಯನಾರಾಯಣ ಪೂಜೆ. ಊಟಕ್ಕೆ ನಲವತ್ತು ಜನ.

"ರೀ, ನಲ್ಲೀಲಿ ನೀರೂ ನಿಂತೋಯ್ತು!" ಹೆಂಡತಿ ಸಾವಿತ್ರಿ ಒಳಗಿಂದ ಕೂಗಿದಳು. "ಸಂಜೆವರೆಗೂ ಬರಲ್ವಂತೆ. ಊರ ಕೆಲಸಕ್ಕೆಲ್ಲ ತಾರೀಖು ಇಡೋ ಮಹಾನುಭಾವರು ನೀವೇ ಅಲ್ವಾ?"

ಅವನ ಮೈಯೆಲ್ಲ ಉರಿಯಿತು. ಪೈಪು, ಪಂಪು, ಸೇತುವೆ, ರಸ್ತೆ ಅಂತ ಇಪ್ಪತ್ತು ವರ್ಷದ ಆರುನೂರು ಕೆಲಸಗಳನ್ನು ಒಂದರ ಕಾಲನ್ನು ಇನ್ನೊಂದು ತುಳಿಯದಂತೆ ಹೊಂದಿಸುವ ಪ್ರೋಗ್ರಾಂ ಬರೆದವನೇ ಅವನು. ಅದರ ಮೊದಲ ನಿಯಮ: ನೆಲದೊಳಗಿನ ಪೈಪು ಮೊದಲು, ಮೇಲಿನ ಟಾರು ಆಮೇಲೆ.

ಎದುರುಮನೆಯ ವಸಂತಾ ಆಂಟಿ, ರಿಟೈರಾದ ಡಾಕ್ಟರು, ಕಾಫಿ ಕಪ್ಪು ಹಿಡಿದು, ಯಂತ್ರ ತೋಡಿದ ಕಂದಕದ ಆಚೆ ದಡಕ್ಕೆ ಬಂದರು. "ಗೋಪಿ, ಬಿಪಿ ಏರತ್ತೆ ಕಣೋ. ಕೂತ್ಕೋ."

"ಕೂರಲ್ಲ ಆಂಟಿ! ನನ್ನ ಶೆಡ್ಯೂಲಲ್ಲಿ ಯಾರೋ ಕೈಯಾಡಿಸಿದಾರೆ. ಆಫೀಸಿಗೆ ಫೋನ್ ಮಾಡಿ ಸ್ಪೀಕರ್ ಹಾಕ್ತೀನಿ, ಆ ಹೆಸರು ಎಲ್ರಿಗೂ ಕೇಳಲಿ!" ಯುದ್ಧದ ಪದ್ಯ ಹಿಡಿದ ಗಮಕಿಯಂತೆ ಅವನ ದನಿ ಏರಿತು. ಬೇಗ ಬಂದಿದ್ದ ಅತಿಥಿಗಳೂ ದೋಣಿಗೆ ಕಾದವರಂತೆ ಆಂಟಿಯ ಪಕ್ಕ ಸಾಲಾಗಿ ನಿಂತರು.

ಪಕ್ಕದೂರು ಡರ್ಹಮ್‌ನ ಆಫೀಸಿನಿಂದ ಸಹೋದ್ಯೋಗಿ ರಾಧಿಕಾ ಫೋನಿನಲ್ಲಿ ಶೆಡ್ಯೂಲು ಓದಿದಳು. "ಪೈಪಿಗೆ ಇದ್ದದ್ದು ಇವತ್ತೇ. ಟಾರು ಮುಂದಿನ ಏಪ್ರಿಲ್‌ಗಿತ್ತು. ಯಾರೋ ಅದನ್ನ ಹೋದ ತಿಂಗಳಿಗೆ ಎಳೆದು, ನಿಮ್ಮ ಬೀದಿಗೆ ಮಾತ್ರ ನಿಯಮ ಆಫ್ ಮಾಡಿ, ಬೀಗ ಹಾಕಿದಾರೆ. ಹಾಕಿದವರು... ಆಮೇಲೆ ಹೇಳ್ಲಾ?"

"ಈಗ್ಲೇ ಹೇಳು! ಹೆದರಬೇಡ!"

"ನೀವೇ, ಗೋಪಿನಾಥ್."

ಆಚೆ ದಡದಲ್ಲಿ ಯಾರೋ ಕೆಮ್ಮಿದರು. ತೇಪೆ ಬಿದ್ದ ರಸ್ತೆ ಪೂಜೆಗೆ ಬರುವವರ ಕಣ್ಣಿಗೆ ಬೀಳಬಾರದೆಂದು ತಾನು ಅವಸರದಲ್ಲಿ ಮಾಡಿದ ಮೂರು ಕ್ಲಿಕ್ಕು, ಶೆಡ್ಯೂಲಿನಲ್ಲಿ ಪೈಪಿನ ಸಾಲನ್ನು ನೋಡದೆ ಬಿಟ್ಟದ್ದು, ಗೋಪಿನಾಥನಿಗೆ ಆಗ ನೆನಪಾಯಿತು.

"ಸರಿ, ಇವತ್ತಿನ ಕೆಲಸ ನಾಳೆಗೆ ಹಾಕಮ್ಮ."

"ಬೀಗ ಇರೋ ಬೀದಿನ ನಾನು ಮುಟ್ಟೋ ಹಾಗಿಲ್ಲ. ಹಾಕಿದವರೇ ಆಫೀಸಿಗೆ ಬಂದು ತೆಗೀಬೇಕು. ಅದೂ ನಿಮ್ಮದೇ ರೂಲು."

ಅವನ ಕಾರು ಕಂದಕದ ಈಚೆ ಸಿಕ್ಕಿಬಿದ್ದಿತ್ತು. ಗೋಪಿನಾಥ ಆಚೆಗೆ ಕೈ ಮುಗಿದ. "ಆಂಟಿ, ನಿಮ್ಮ ಕಾರಲ್ಲಿ ಡರ್ಹಮ್‌ಗೆ ಡ್ರಾಪ್ ಮಾಡ್ತೀರಾ? ಈ ಕೆಲಸ ನಿಲ್ಲಿಸಿ ಬಂದ್ಬಿಡ್ತೀನಿ."

"ಎರಡು ವರ್ಷದಿಂದ ನಮ್ಮನೆ ಶವರಲ್ಲಿ ನೀರು ತೀರ್ಥದ ಥರ ತೊಟ್ಟಿಕ್ತಿದೆ, ಗೋಪಿ. ಹೊಸ ಪೈಪು ಇವತ್ತು ಬಂದಿದೆ." ಆಂಟಿ ಕಾಫಿಯ ಕೊನೆಯ ಗುಟುಕು ಹೀರಿದರು. "ಮಾಡಲ್ಲ."