ಆರು ಅಂತಸ್ತಿನ ರೋಬೋಟಿಗೆ ಏಣಿ ಮರೆತವರಿಗೆ

'ದೈತ್ಯ ರೋಬೋಟ್ ಪರಿಕರ ಪುರವಣಿ'ಯ ನಾಲ್ಕನೇ ಆವೃತ್ತಿಯನ್ನು ಲೋಕಕ್ಕೆ ಕರುಣಿಸಿದ ಸಂಪಾದಕ ಮಂಡಳಿಯ ಹನ್ನೊಂದು ಮಂದಿಗೆ,

ಮಾನ್ಯರೇ,

ಹೈದರಾಬಾದಿನ ಹಿಮಾಯತ್‌ನಗರದಿಂದ ಗುರುರಾಜನ ಸಾದರ ನಮಸ್ಕಾರಗಳು. ತಮ್ಮ ಗ್ರಂಥವನ್ನು ಅಡಿಟಿಪ್ಪಣಿಗಳ ಸಮೇತ ಎರಡು ಸಲ ಓದಿ ಧನ್ಯನಾದೆ. ಇನ್ನೂರ ಹದಿನಾಲ್ಕು ಆಯುಧಗಳು! ಭುಜಕ್ಕೆ ಕಟ್ಟುವ ಫಿರಂಗಿಯಲ್ಲೇ ಹತ್ತೊಂಬತ್ತು ಬಗೆ, ಮೊಣಕೈಯಿಂದ ಹಾರುವ ಕ್ಷಿಪಣಿ, ಹಣೆಗೊಂದು ಕೊಂಬು, ಆ ಕೊಂಬಿಗೆ ಬಳಿಯಲು ಏಳು ಬಣ್ಣ. ಚಂದ್ರನ ಮೇಲಿರುವ ಶತ್ರುವನ್ನೂ ಸುಡುವ ಉಪಾಯ ಹುಡುಕಿದ ತಾವು, ಅರವತ್ತಡಿ ಎತ್ತರದ ಆ ರೋಬೋಟಿನೊಳಗೆ ಅದನ್ನು ನಡೆಸುವ ಮನುಷ್ಯ ಹತ್ತುವುದು ಹೇಗೆ ಎಂಬ ಕ್ಷುಲ್ಲಕ ವಿಷಯಕ್ಕೆ ತಲೆ ಕೆಡಿಸಿಕೊಂಡಿಲ್ಲ. ಏಣಿ ಇಲ್ಲ. ಹಗ್ಗದ ತುಂಡೂ ಇಲ್ಲ.

ಈ ಬಹಿರಂಗ ಪತ್ರ ಓದುವ ಇತರರಿಗೆ ತಿಳಿಸುವುದೇನೆಂದರೆ, ಇದು ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಬಾಯಿಮಾತಿನಲ್ಲೇ ನಡೆಸುವ ಆಟ. ಒಬ್ಬರು ಕತೆ ನಡೆಸುತ್ತಾರೆ, ಮಿಕ್ಕವರು ಪಾತ್ರಗಳಾಗುತ್ತಾರೆ; ಯಾವ ಪಾತ್ರದ ಕೈಗೆ ಏನು ಸಿಗಬಹುದು ಎಂಬುದಕ್ಕೆ ಈ ಪುರವಣಿಯೇ ಕಾನೂನು. ನಮ್ಮಲ್ಲಿ ಕತೆ ನಡೆಸುವವನು ಪಕ್ಕದ ಮನೆಯ ಕೇದಾರ. ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಬೇರೆಯವರ ತಪ್ಪು ಹುಡುಕುವುದೇ ಅವನ ನೌಕರಿ. ನನ್ನ ಅತ್ತಿಗೆ ಅಂಬುಬಾಯಿ, ನಿವೃತ್ತ ಹೆಡ್ ನರ್ಸ್, ಎಂಟು ವರ್ಷಗಳಿಂದ ಈ ಆಟದಲ್ಲಿ ಕ್ಯಾಪ್ಟನ್ ಚಂಡಿ ಎಂಬ ರೋಬೋಟ್ ಚಾಲಕಿ.

ಕಳೆದ ತಿಂಗಳು ಗಾಯಗೊಂಡ ಸಿಪಾಯಿಯೊಬ್ಬನಿಗೆ ಪಟ್ಟಿ ಕಟ್ಟಲೆಂದು ಚಂಡಿ ತನ್ನ ರೋಬೋಟಿನಿಂದ ಕೆಳಗಿಳಿದಳು. ಮರುವಾರ ತಮ್ಮ ಪುರವಣಿ ಬಂತು.

"ಕಾಕು, ಇವತ್ತಿಂದ ಹೊಸಾ ಪುಸ್ತಕರಿ. ಇದರಾಗ ಏಣಿ ಇಲ್ಲ. ಇಲ್ಲದ್ದು ನಾ ಎಲ್ಲಿಂದ ಕೊಡ್ಲಿ?" ಎಂದ ಕೇದಾರ.

"ಮತ್ತ ಇಳಿಯೋ ಮುಂದ ಇತ್ತಲ್ಲೋ?"

"ಅದು ಮೂರನೇ ಆವೃತ್ತಿಯೊಳಗ ಇತ್ತರಿ."

"ಅಂದ್ರ ನಾ ಮೂರನೇದ್ರಾಗ ಇಳದು ನಾಕನೇದ್ರಾಗ ನಿಂತೀನಿ ಅನ್ನು!"

ಮೂರು ಭಾನುವಾರಗಳಿಂದ ಚಂಡಿ ತನ್ನದೇ ರೋಬೋಟಿನ ಹಿಮ್ಮಡಿಯ ಮರೆಯಲ್ಲಿ, ತಲೆಯ ಮೇಲೆ ಗುಂಡು ಹಾರುತ್ತಿರಲು, ಬಸ್ಸು ಕಾಯುವವಳಂತೆ ನಿಂತಿದ್ದಾಳೆ. ಬರುವ ಭಾನುವಾರ ಶತ್ರು ಅಲ್ಲಿಗೆ ತಲುಪುತ್ತಾನೆ. ಅತ್ತಿಗೆ ನಿರ್ಧಾರ ಹೇಳಿಬಿಟ್ಟಿದ್ದಾರೆ: "ಚಂಡಿ ಸತ್ತರ ನಾ ಇನ್ನೊಂದು ಪಾತ್ರ ಹುಟ್ಟಸಂಗಿಲ್ಲ. ನೀವs ಆಡಕೋರಿ." ಅವರಿಲ್ಲದ ಮೇಜಿನಲ್ಲಿ ಉಳಿಯುವುದು ನಾನು, ಕೇದಾರ ಮತ್ತು ತಮ್ಮ ಅಡಿಟಿಪ್ಪಣಿಗಳು.

ನನ್ನ ನೆನಪು ದೀರ್ಘವಾದದ್ದು. ತೊಂಬತ್ತೊಂಬತ್ತರಲ್ಲಿ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಕೊಂಡ ತಮ್ಮ ಮೊದಲ ಆವೃತ್ತಿಯ ಹದಿನೇಳನೇ ಪುಟದಲ್ಲಿ ಹಗ್ಗದ ಏಣಿ ಇದೆ; ಚಿತ್ರವೂ ಇದೆ. ಕೇದಾರನಿಗೆ ತೋರಿಸಿದೆ. "ರದ್ದಾದ ಪುಸ್ತಕರಿ ಕಾಕಾ," ಎಂದು ಗೌರವದಿಂದ ಮಡಚಿ ಕೊಟ್ಟ.

ಆದಕಾರಣ ನನ್ನ ವಿನಂತಿ ಸರಳವಾಗಿದೆ. ತಾವು ಹನ್ನೊಂದು ಮಂದಿಯೂ ಭಾನುವಾರ ಹತ್ತು ಗಂಟೆಗೆ ನಮ್ಮ ಮನೆಗೆ ದಯಮಾಡಿಸಿ, ಒಬ್ಬರ ಹೆಗಲ ಮೇಲೊಬ್ಬರು ನಿಲ್ಲಬೇಕು. ಸರಾಸರಿ ಐದೂವರೆ ಅಡಿಯಂತೆ ಅರವತ್ತಡಿ ಆಗುತ್ತದೆ. ಅತ್ತಿಗೆ ಚಪ್ಪಲಿ ಬಿಟ್ಟೇ ಹತ್ತುತ್ತಾರೆ.

ಇನ್ನೂ ನೆಲದ ಮೇಲೆಯೇ ಇರುವ
ತಮ್ಮ ವಿಶ್ವಾಸಿ,
ಗುರುರಾಜ

ತಾ.ಕ.: ಪತ್ರ ಅಂಚೆಗೆ ಬೀಳುವ ಮೊದಲೇ ಭಾನುವಾರ ಮುಗಿದುಹೋಯಿತು, ತಾವು ಶ್ರಮ ತೆಗೆದುಕೊಳ್ಳಬೇಕಿಲ್ಲ. ಅತ್ತಿಗೆ ಶತ್ರುವಿಗೆ ಎದುರಾಗಿ ನಿಂತು, "ಏ ಖೋಡಿ, ಮುದುಕೀನ್ನ ಏನ್ ಹೊಡೀತಿ? ಧೈರ್ಯ ಇದ್ದರ ಆ ರೋಬೋಟಿನ ಮೊಣಕಾಲಿಗೆ ಹೊಡಿ!" ಎಂದು ಕೂಗಿದರು. ಕೇದಾರ ದಾಳ ಉರುಳಿಸಿದ, ಶತ್ರುವಿಗೆ ರೋಷ ಬಂತು, ಹೊಡೆದ. ರೋಬೋಟ್ ಪಕ್ಕಕ್ಕೆ ಉರುಳಿತು, ಎದೆಯ ಬಾಗಿಲು ನೆಲದ ಮಟ್ಟಕ್ಕೆ ಬಂತು, ಅತ್ತಿಗೆ ಸೀರೆಯ ನಿರಿಗೆ ಎತ್ತಿ ಹಿಡಿದು ಒಳಗೆ ನಡೆದರು. ಬಿದ್ದ ರೋಬೋಟನ್ನು ಎಬ್ಬಿಸುವ ನಿಯಮವೂ ತಮ್ಮ ಪುಸ್ತಕದಲ್ಲಿ ಇಲ್ಲವೆಂದು ಕೇದಾರ ಈಗ ಕಂಡುಹಿಡಿದಿದ್ದಾನೆ. ದಯವಿಟ್ಟು ಐದನೇ ಆವೃತ್ತಿಯಲ್ಲೂ ಅದನ್ನು ಸೇರಿಸಬೇಡಿ. ಮಲಗಿಕೊಂಡೇ ಯುದ್ಧ ಗೆಲ್ಲುವುದು ಸೊಂಟಕ್ಕೆ ಭಾಳ ಆರಾಮ ಐತಿ ಎಂದು ಅತ್ತಿಗೆ ಹೇಳುತ್ತಿದ್ದಾರೆ.