ಒಂಬತ್ತು ನಂಬರಿನ ಮುದುಕನ ಕೊನೆಯ ಒದೆತ

ಬುದಯ್ಯ, ಬಹ್ರೈನ್
ಫೆಬ್ರವರಿ ೧೯೯೬

ಇಂದ:
ಜೊಕಿಮ್ ಪಿಂಟೊ, ಇಸ್ತ್ರಿ ಕೆಲಸ,
ಸಾಹೇಬರುಗಳ ಕಂಪೌಂಡು, ಹಿಂದಿನ ಗೇಟಿನ ಕೋಣೆ,
ಬುದಯ್ಯ.

ಗೆ:
ಮಾನ್ಯ ಯಜಮಾನರು,
ಕೊಕ್ಕರೆ ಟೊಪ್ಪಿಯ ಫುಟ್‌ಬಾಲ್ ತಂಡ,
ಅಮೇರಿಕ.
(ಊರಿನ ಹೆಸರನ್ನು ಲಕೋಟೆಯ ಮೇಲೆ ವಾಲ್ಟರ್ ಸಾಹೇಬರಿಂದ ಬರೆಸಲಾಗಿದೆ.)

ವಿಷಯ: ಒಂಬತ್ತು ನಂಬರಿನ ಮುದುಕನನ್ನು ಕೆಲಸಕ್ಕೆ ಮರಳಿ ಕರೆಯುವ ಬಗ್ಗೆ, ಹಾಗೂ ಅವನ ಕೊನೆಯ ಒದೆತ ಏನಾಯಿತೆಂದು ನಮಗೆ ತಿಳಿಸದಿರುವ ಬಗ್ಗೆ.

ಉಲ್ಲೇಖ: ೧. ಯುಸ್ಟೇಸ್ ಎಂಬವನು ನಮ್ಮನ್ನು ಕೇಳದೆ ತಮಗೆ ಇಂಗ್ಲಿಷಿನಲ್ಲಿ ಬರೆದು ಹಾಕಿದ ಕಾಗದ.
೨. ಸಾಹೇಬರ ತಂಗಿ ಕಳಿಸಿದ ಕ್ಯಾಸೆಟ್ಟು (ಕೊನೆ ಇಲ್ಲದ್ದು).

ಮಾನ್ಯರೇ,

ಅರ್ಜಿಯಲ್ಲಿ 'ನಾನು' ಎಂದು ಬರೆಯಬಾರದು, 'ಅರ್ಜಿದಾರ' ಎಂದೇ ಬರೆಯಬೇಕು ಎಂದು ಊರಿನ ತಾಲೂಕು ಕಚೇರಿಯ ಜಗಲಿಯಲ್ಲಿ ಅರ್ಜಿ ಬರೆದುಕೊಡುತ್ತಿದ್ದ ಜಯರಾಜರು ಹೇಳಿದ್ದುಂಟು. ಅರ್ಜಿದಾರನು ನಾಲ್ಕನೇ ಕ್ಲಾಸನ್ನು ಅರ್ಧ ಓದಿದವನಾದ ಕಾರಣ ಅವರ ಮಾತನ್ನು ಮೀರಿರುವುದಿಲ್ಲ. ತಮ್ಮ ಕಚೇರಿಯಲ್ಲಿ ಕನ್ನಡ ಬಲ್ಲವರು ಇಲ್ಲದಿದ್ದರೆ ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ವಿಚಾರಿಸತಕ್ಕದ್ದು. ಮಂಗಳೂರಿನವರು ಒಬ್ಬರಾದರೂ ಇರುತ್ತಾರೆ.

೧. ಅರ್ಜಿದಾರ ಜೊಕಿಮನು ಕಂಪೌಂಡಿನ ಸಾಹೇಬರುಗಳ ಅಂಗಿಗಳಿಗೆ ಇಸ್ತ್ರಿ ಹಾಕುವವನು. ಹ್ಯೂಬರ್ಟನು ಅದೇ ಕಂಪೌಂಡಿನ ತೋಟದವನು. ಇಬ್ಬರೂ ಊರಿನಲ್ಲಿ ಒಂದೇ ಚರ್ಚಿನವರು, ಇಲ್ಲಿ ಒಂದೇ ಕೋಣೆಯವರು, ತಲೆಗೂದಲು ಇಬ್ಬರದ್ದೂ ಬೆಳ್ಳಗೆ. ಕೋಣೆಯ ಮೂರನೆಯ ಮಂಚ ಡ್ರೈವರ್ ಯುಸ್ಟೇಸನದ್ದು. ನಮ್ಮ ಲೆಕ್ಕದಲ್ಲಿ ಅವನಿನ್ನೂ ಎಳಸು. ಇಲ್ಲಿ ರಜೆಯ ದಿನವಾದ ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ಕಂಪೌಂಡಿನ ಅಮೇರಿಕದವರಾದ ವಾಲ್ಟರ್ ಸಾಹೇಬರು ನಮ್ಮನ್ನು ಅವರ ಮನೆಯ ಹಾಲಿಗೆ ಕರೆಯುತ್ತಾರೆ. ಅವರ ತಂಗಿ ಅಮೇರಿಕದ ಟೀವಿಯಿಂದ ಹಿಡಿದು ಕಳಿಸುವ ತಮ್ಮ ತಂಡದ ಆಟವನ್ನು ಒಬ್ಬರೇ ಕೂತು ನೋಡಿದರೆ ಅವರಿಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಕ್ಯಾಸೆಟ್ಟು ಬರುವಾಗ ಆಟ ಮುಗಿದು ತಿಂಗಳಾಗಿರುತ್ತದೆ. ಐಸಿನಲ್ಲಿಟ್ಟ ಬಂಗುಡೆಯನ್ನು ತಾಜಾ ಎಂದು ತಿನ್ನುವವರಿಗೆ ಅದೇನೂ ದೊಡ್ಡದಲ್ಲ.

೨. ಆದ್ದರಿಂದ ತಮ್ಮ ಆಟಗಾರರ ಬಗ್ಗೆ ಅರ್ಜಿದಾರನಿಗೆ ತಕ್ಕಮಟ್ಟಿಗೆ ಗೊತ್ತುಂಟು. ಚೆಂಡು ಮಂಗಳೂರು ಸೌತೆಯ ಆಕಾರದ್ದು. ಹೆಸರು ಕಾಲ್ಚೆಂಡಾದರೂ ಎಲ್ಲರೂ ಕೈಯಲ್ಲೇ ಹಿಡಿದು ಓಡುತ್ತಾರೆ. ಈ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಹನ್ನೆರಡು ನಂಬರಿನವನ ಮೇಲೆ. ಎಸೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಯಾರಿಗೆ ಎಸೆಯಬೇಕೋ ಅವನನ್ನೇ ಮೊದಲಿನಿಂದ ನೋಡುತ್ತಾ ನಿಲ್ಲುತ್ತಾನೆ. ಮಾರ್ಕೆಟ್ಟಿನಲ್ಲಿ ದುಬಾರಿ ಅಂಜಲ್ ಮೀನನ್ನೇ ದಿಟ್ಟಿಸಿದರೆ ಮೀನಿನವಳಿಗೆ ಗೊತ್ತಾಗದೆ ಇರುತ್ತದೆಯೇ? ಅಗ್ಗದ ಬೂತಾಯಿ ನೋಡುತ್ತಾ ಅಂಜಲ್ ಕೊಳ್ಳುವುದನ್ನು ಅವನಿಗೆ ಯಾರಾದರೂ ಕಲಿಸತಕ್ಕದ್ದು. ಎಪ್ಪತ್ತನಾಲ್ಕು ನಂಬರಿನ ದಡಿಯನು ಮುಂದೆ ನಿಂತು ಎಲ್ಲರ ಪೆಟ್ಟನ್ನೂ ತಿನ್ನುತ್ತಾನೆ, ಚೆಂಡನ್ನು ಮಾತ್ರ ಒಮ್ಮೆಯೂ ಮುಟ್ಟಿದವನಲ್ಲ. ಆದಕಾರಣ, ಅವನ ತಾಯಿ ನೋಡಲು ಬಂದ ದಿನವಾದರೂ ಚೆಂಡನ್ನು ಒಮ್ಮೆ ಅವನ ಕೈಗೆ ಕೊಡಿಸಬೇಕು. ಇನ್ನು, ನಾಲ್ಕು ಸಲದೊಳಗೆ ಮುಟ್ಟಬೇಕಾದ ಗೆರೆಗೆ ನಾಲ್ಕನೆಯ ಸಲ ಒಂದೇ ಗೇಣು ಬಾಕಿ ಇರುವಾಗ ತಾವು ಚೆಂಡನ್ನು ದೂರ ಒದೆಸಿ ಎದುರಿನವರಿಗೇ ಕೊಡಿಸುವುದು, ಬಾಗಿಲವರೆಗೆ ಬಂದ ಸಂಬಂಧವನ್ನು ಕಾಫಿ ಕೊಡದೆ ಕಳಿಸಿದ ಹಾಗೆ.

೩. ಇಷ್ಟೆಲ್ಲ ಸಹಿಸಬಹುದು. ಒಂಬತ್ತು ನಂಬರಿನ ಮುದುಕನ ವಿಷಯವನ್ನು ಸಹಿಸಲಾಗುವುದಿಲ್ಲ. ಅವನ ಕೆಲಸ, ಎರಡು ಕಂಬಗಳ ನಡುವೆ ಚೆಂಡನ್ನು ಒದೆಯುವುದು, ಅಷ್ಟೆ. ಆಟವಿಡೀ ಬದಿಯಲ್ಲಿ ಒಬ್ಬನೇ ನಿಂತಿರುತ್ತಾನೆ, ಯಾರೂ ಮಾತಾಡಿಸುವುದಿಲ್ಲ. ನಮ್ಮ ಕ್ರಿಸ್ತುವರ ಮದುವೆಯಲ್ಲಿ ಟೋಸ್ಟ್ ಹೇಳುವವನ ಪಾಡೂ ಹೀಗೆಯೇ. ಗ್ಲಾಸು ಹಿಡಿದು ಕಾಯಬೇಕು, ಒಮ್ಮೆ ಎದ್ದು ಮದುಮಕ್ಕಳಿಗೆ ಶುಭ ಹೇಳಿ ಎಲ್ಲರಿಂದ ಕುಡಿಸಬೇಕು, ತಪ್ಪಿದರೆ ಮದುವೆಗೆ ಮದುವೆಯೇ ಅವನ ತಪ್ಪಿನಿಂದ ನೆನಪಿರುತ್ತದೆ. ಸದರಿ ಮುದುಕ ಹೋದ ವರ್ಷ ಒಂದು ಒದೆತ ತಪ್ಪಿದ. ತಾವು ಅವನನ್ನು ತೆಗೆದು, ಕಿವಿಗೆ ರಿಂಗು ಹಾಕಿದ ಹುಡುಗನನ್ನು ತಂದಿರಿ.

೪. ಈ ಸುದ್ದಿಯನ್ನು ಸಾಹೇಬರು ಪೇಪರಿನಲ್ಲಿ ಓದಿ ಹೇಳಿದ ದಿನ ಹ್ಯೂಬರ್ಟನು ಕಾಫಿ ಊದುತ್ತಾ, "ಒಳ್ಳೆದಾಯ್ತು. ಮುದುಕನನ್ನು ಇಟ್ಕೊಂಡು ಎಂತ ಮಾಡುದು? ಒಮ್ಮೆ ತಪ್ಪಿದವ ಮತ್ತೂ ತಪ್ತಾನೆ" ಎಂದನು. ಅರ್ಜಿದಾರ ಮಾತು ಕಡಿಮೆಯವನು. ಆದರೆ ಅವನ ನೆನಪು ಉದ್ದದ್ದು.

"ನನ್ನ ಮದುವೆಗೆ ಟೋಸ್ಟ್ ಹೇಳಿದ್ದು ಯಾರು ಹ್ಯೂಬರ್ಟ್?"

"ನಾನೇ. ಅದಕ್ಕೆ?"

"ಮದುಮಗಳು ಅಪೊಲಿನ್. ನೀನು ಗ್ಲಾಸೆತ್ತಿ ಸೆರಾಫಿನ್ ಅಂದೆ, ಅವಳ ಅಕ್ಕನ ಹೆಸರು. ನೂರಾರು ಜನ ಸೆರಾಫಿನಳಿಗೆ ಕುಡಿದರು. ನಿನ್ನನ್ನು ಚಪ್ಪರದಿಂದ ಹೊರಗೆ ಹಾಕಿದೆವಾ?"

ಹ್ಯೂಬರ್ಟನು ಲೋಟ ಕೆಳಗಿಟ್ಟು ಎದ್ದುಹೋದನು. ಮುದುಕನ ಪರವಾಗಿ ಹೇಳಿದ ಮಾತು ಹೋಗಿ ತಾಗಿದ್ದು ಗೆಳೆಯನಿಗೆ. ಅಂದಿನಿಂದ ಅವನು ಅರ್ಜಿದಾರನೊಡನೆ ಮಾತಾಡಲಿಲ್ಲ. ಅವನು ಮಾತಾಡದ ಕಾರಣ ಅರ್ಜಿದಾರನೂ ಮಾತಾಡಲಿಲ್ಲ.

೫. ತದನಂತರ ಕೋಣೆಯ ವ್ಯವಹಾರವೆಲ್ಲ ಯುಸ್ಟೇಸನ ಮುಖಾಂತರ ನಡೆಯಿತು.

"ಯುಸ್ಟೇಸಾ, ಸಾರಿಗೆ ಉಪ್ಪು ಕಮ್ಮಿ ಅಂತ ಆ ಜನಕ್ಕೆ ಹೇಳು" ಎನ್ನುವನು ಹ್ಯೂಬರ್ಟ್.

"ಯುಸ್ಟೇಸಾ, ಉಪ್ಪು ಡಬ್ಬಿಯಲ್ಲುಂಟು, ಕೈ ಅವನಿಗೂ ಉಂಟು ಅಂತ ಹೇಳು."

"ನಾನೆಂತ ಟೆಲಿಫೋನಾ ಮಾರಾಯ್ರೆ? ಇಷ್ಟು ಸಣ್ಣ ಕೋಣೆ, ನಿಮ್ಮಿಬ್ಬರಿಗೂ ಕೇಳ್ತದಲ್ಲ!"

"ಕೇಳ್ತದೆ ಅಂತ ಅವನಿಗೆ ಹೇಳು."

ಹ್ಯೂಬರ್ಟನಿಗೆ ಸಕ್ಕರೆ ಕಾಯಿಲೆ. ಸಲ್ಮಾನಿಯಾ ಆಸ್ಪತ್ರೆಯಲ್ಲಿ ಕೊಟ್ಟ ಗುಳಿಗೆಯನ್ನು ಯಾರಾದರೂ ಕೇಳದಿದ್ದರೆ ಅವನು ತಿನ್ನುವವನಲ್ಲ. ಆದಕಾರಣ ದಿನವೂ ಊಟದ ಮೇಲೆ "ಗುಳಿಗೆ ತಿಂದನಾ ಕೇಳು" ಎಂದು ಅರ್ಜಿದಾರನು ಯುಸ್ಟೇಸನ ಮೂಲಕ ಕೇಳಿಸುತ್ತಿದ್ದನು. ಹೀಗಿರಲಾಗಿ ಯುಸ್ಟೇಸನಿಗೆ ರಜೆ ಮಂಜೂರಾಗಿ ಊರಿಗೆ ಟಿಕೇಟು ಬಂತು. "ನಾನು ಹೋದ ಮೇಲೆ ಯಾರ ಹತ್ರ ಹೇಳಿಸ್ತೀರಿ? ಗೋಡೆಯ ಹತ್ರವಾ?" ಎಂದು ಅವನು ನಕ್ಕನು. "ಗೋಡೆ ಸಾಕು ಅಂತ ಹೇಳು" ಎಂದನು ಹ್ಯೂಬರ್ಟ್. ಅರ್ಜಿದಾರನಿಗೆ ನಗು ಬರಲಿಲ್ಲ. ಗೋಡೆ ಗುಳಿಗೆಯ ಬಗ್ಗೆ ಕೇಳುವುದಿಲ್ಲ.

೬. ಯುಸ್ಟೇಸ್ ಹೊರಡುವ ಮುಂಚಿನ ಶುಕ್ರವಾರ ಉಲ್ಲೇಖ ೨ರ ಕ್ಯಾಸೆಟ್ಟು ಬಂತು. ತಾವು ತೆಗೆದುಹಾಕಿದ ಮುದುಕ ಅದರಲ್ಲಿ ತಮ್ಮ ಎದುರಾಳಿಗಳ ಹಳದಿ ಅಂಗಿ ಹಾಕಿ ನಿಂತಿದ್ದಾನೆ. ಅರ್ಜಿದಾರ ಸೋಫಾದ ಈ ತುದಿಯಲ್ಲಿ, ಹ್ಯೂಬರ್ಟ್ ಆ ತುದಿಯಲ್ಲಿ, ಸಾಹೇಬರು ಕುರ್ಚಿಯಲ್ಲಿ. ಆಟದ ಕೊನೆಗೆ ತಮ್ಮ ತಂಡ ಎರಡೇ ಅಂಕ ಮುಂದೆ. ಮುದುಕನ ಒಂದು ಒದೆತ ಒಳಗೆ ಹೋದರೆ ಅವರಿಗೆ ಮೂರು ಅಂಕ ಸಿಕ್ಕಿ ತಾವು ಸೋತಿರಿ, ತಪ್ಪಿದರೆ ಅವನ ಕಥೆ ಮುಗಿಯಿತು. ಅಲ್ಲಿ ಜಡಿಮಳೆ. ಮುದುಕ ಎರಡು ಹೆಜ್ಜೆ ಹಿಂದೆ ಸರಿದು, ಶಿಲುಬೆಯ ಗುರುತು ಹಾಕಿ, ಓಡಿ ಬಂದ. ಕಾಲು ಚೆಂಡಿಗೆ ತಾಗಿತು.

ಟಕ್.

ಕ್ಯಾಸೆಟ್ಟು ಮುಗಿದು ತನ್ನಷ್ಟಕ್ಕೆ ಹಿಂದಕ್ಕೆ ಸುತ್ತತೊಡಗಿತು. ಟೀವಿಯೆಲ್ಲ ನೀಲಿ.

"ಜೊಕಿಮಾ, ಹೋಯ್ತಾ ಅದು?" ಎಂದನು ಹ್ಯೂಬರ್ಟ್.

ಅವನು ಕೇಳಿದ್ದು ಯುಸ್ಟೇಸನನ್ನಲ್ಲ. ಯುಸ್ಟೇಸ್ ಹೊರಗೆ ಕಾರು ತೊಳೆಯುತ್ತಿದ್ದ.

ಸಾಹೇಬರಿಗೆ ಫಲಿತಾಂಶ ಗೊತ್ತುಂಟು. ತಂಗಿ ಫೋನಿನಲ್ಲಿ ಹೇಳಿದ್ದಾಳಂತೆ. ಹೇಳಲೇ ಎಂದು ಅವರು ಬಾಯಿ ತೆರೆದದ್ದೇ ತಡ, "ನೋ ಸಾಹೇಬ್!" ಎಂದು ಸೋಫಾದ ಎರಡೂ ತುದಿಗಳಿಂದ ಒಂದೇ ಕೂಗು ಎದ್ದಿತು. ಹೇಳಿಬಿಟ್ಟರೆ ಅಲ್ಲಿಗೆ ಮಾತು ಮುಗಿಯಿತಲ್ಲ.

೭. ಕೋಣೆಗೆ ಬರುವ ದಾರಿಯಲ್ಲಿ ಹ್ಯೂಬರ್ಟನು, "ಹೋಗಿದೆ ಮಾರಾಯ. ಕಾಲು ಇಟ್ಟದ್ದು ನೋಡಿದೆಯಲ್ಲ? ಹಳೆ ಕಾಲು ಅದು, ತಪ್ಪುವುದಿಲ್ಲ" ಎಂದನು. ಅರ್ಜಿದಾರನು ಹೌದು ಎನ್ನಬಹುದಿತ್ತು. ಹೌದು ಎಂದಿದ್ದರೆ ಗೇಟು ತಲುಪುವ ಮೊದಲೇ ಮಾತು ಸಾಯುತ್ತಿತ್ತು. ಆದ್ದರಿಂದ, "ಗಾಳಿ ಇತ್ತು. ಹೋಗಿರ್ಲಿಕ್ಕಿಲ್ಲ" ಎಂದನು.

"ನೀನು ಅವನ ಪರ ಅಲ್ವಾ?"

"ಪರ ಬೇರೆ, ಗಾಳಿ ಬೇರೆ."

ಅಂದಿನಿಂದ ಈ ವಾದ ನಿಂತಿಲ್ಲ. ಹ್ಯೂಬರ್ಟ್ ಖರ್ಜೂರದ ಮರಕ್ಕೆ ನೀರು ಬಿಡುತ್ತಾ ಇಸ್ತ್ರಿಯ ಕಿಟಕಿಗೆ ಕೂಗುತ್ತಾನೆ. ಅರ್ಜಿದಾರ ಅಂಗಿಯ ಕಾಲರು ತಿರುಗಿಸುತ್ತಾ ಉತ್ತರ ಕೊಡುತ್ತಾನೆ. ಊಟದ ಹೊತ್ತಿಗೆ "ಗುಳಿಗೆ ತಿಂದೆಯಾ?" ಎಂದು ನೇರವಾಗಿಯೇ ಕೇಳುತ್ತಾನೆ. "ತಿಂದೆ. ಚೆಂಡು ಹೋಗಿದೆ" ಎಂದು ಉತ್ತರ ಬರುತ್ತದೆ. ಮೊನ್ನೆ ಅನ್ನ ಬಡಿಸುವಾಗ ಹ್ಯೂಬರ್ಟನು ತಟ್ಟೆ ನೋಡುತ್ತಾ, "ಸೆರಾಫಿನ್ ಅಂತ ಅದು ಹೇಗೆ ಬಾಯಿಗೆ ಬಂತೋ ದೇವರಿಗೇ ಗೊತ್ತು" ಎಂದನು. "ಗಾಳಿ ಇತ್ತು" ಎಂದನು ಅರ್ಜಿದಾರ. ಇಬ್ಬರೂ ನಕ್ಕ ಭರಕ್ಕೆ ಸಾರು ಚೆಲ್ಲಿತು.

೮. ಹೀಗೆ ಎಲ್ಲವೂ ಸುಸೂತ್ರವಾಗಿರುವಾಗ ಯುಸ್ಟೇಸನು ವಿಮಾನ ಹತ್ತುವ ದಿನ ಬ್ಯಾಗು ಎತ್ತಿಕೊಂಡು, "ನಿಮ್ಮ ಜಗಳ ಮುಗಿಸ್ಲಿಕ್ಕೆ ಆ ತಂಡದವರಿಗೇ ಬರೆದು ಹಾಕಿದ್ದೇನೆ. ಹೋಯ್ತಾ ಇಲ್ವಾ ಅಂತ ಅವರೇ ತಿಳಿಸ್ತಾರೆ. ಇನ್ನು ಸಮಾಧಾನದಲ್ಲಿರಿ" ಎಂದು ಹೇಳಿ ಹೋದನು. ಅವನು ಒಳ್ಳೆಯವನು. ಒಳ್ಳೆಯವರಿಂದಲೇ ಇಂಥದ್ದೆಲ್ಲ ಆಗುವುದು.

ಆದ್ದರಿಂದ, ಮೇಲೆ ಹೇಳಿದ ಎಲ್ಲ ಕಾರಣಗಳಿಂದ, ಮಾನ್ಯ ಯಜಮಾನರಲ್ಲಿ ಅರಿಕೆ ಏನೆಂದರೆ:

ಅ) ಒಂಬತ್ತು ನಂಬರಿನವನನ್ನು ಮರಳಿ ಕರೆಯಬೇಕು. ಆ ಒದೆತ ಹೋಗಿದ್ದರೂ ಸರಿ, ಹೋಗದಿದ್ದರೂ ಸರಿ. ಕಿವಿಯ ರಿಂಗಿನ ಹುಡುಗನನ್ನು ತೆಗೆಯಬೇಕಾಗಿಲ್ಲ; ಬದಿಯಲ್ಲಿ ಮುದುಕನೊಡನೆ ಮಾತಾಡಿಕೊಂಡು ನಿಲ್ಲಲಿ.

ಆ) ಉಲ್ಲೇಖ ೧ಕ್ಕೆ ಯಾವ ಉತ್ತರವನ್ನೂ ಕೊಡಬಾರದು. ಸಾಹೇಬರ ತಂಗಿಗೂ ಈ ಮೂಲಕ ವಿನಂತಿ: ಆಟದ ಆ ಕೊನೆಯ ತುಂಡು ಸಿಕ್ಕಿದರೆ ಅದರ ಮೇಲೆ ಬೇರೆ ಏನನ್ನಾದರೂ ಹಿಡಿಯಬೇಕು. ಅಡುಗೆಯ ಕಾರ್ಯಕ್ರಮ ಆಗಬಹುದು.

ಇ) ಹನ್ನೆರಡು ನಂಬರಿನವನಿಗೆ ಮೀನಿನ ಮಾತನ್ನು ತಿಳಿಸಬೇಕು.

ತಮ್ಮ ತಂಡ ಸೋತ ದಿನವೂ ವಿಶ್ವಾಸ ಬಿಡದ,
ಜೊಕಿಮ್ ಪಿಂಟೊ

ಲಗತ್ತುಗಳು:
೧. ಚೆಂಡು ಹೋದ ದಾರಿ, ಹ್ಯೂಬರ್ಟ್ ಬರೆದ ಚಿತ್ರ.
೨. ಮೇಲಿನ ಚಿತ್ರ ತಪ್ಪೆಂದು ಅರ್ಜಿದಾರ ಬರೆದ ಚಿತ್ರ.
೩. ಅರ್ಜಿದಾರನ ಮದುವೆಯ ಫೋಟೊ. ಗ್ಲಾಸು ಎತ್ತಿ ಬಾಯಿ ತೆರೆದು ನಿಂತವನು ಹ್ಯೂಬರ್ಟ್. ನೋಡಿ ವಾಪಸು ಕಳಿಸತಕ್ಕದ್ದು.

ವಿ.ಸೂ.: ಈ ಅರ್ಜಿ ತಲುಪುವ ಮೊದಲೇ ತಾವು ಉತ್ತರವನ್ನು ಅಂಚೆಗೆ ಹಾಕಿಬಿಟ್ಟಿದ್ದರೆ, ಅದಕ್ಕೆ ನೇರ ವಿರುದ್ಧವಾದ ಇನ್ನೊಂದು ಉತ್ತರವನ್ನೂ ಅದೇ ಸಹಿ ಮೊಹರಿನೊಂದಿಗೆ ಕೂಡಲೇ ಕಳಿಸಿಕೊಡಬೇಕಾಗಿ ಪ್ರಾರ್ಥನೆ. ಒಂದನ್ನು ಹ್ಯೂಬರ್ಟ್ ಇಟ್ಟುಕೊಳ್ಳುತ್ತಾನೆ, ಒಂದನ್ನು ಅರ್ಜಿದಾರ.